ಐಫೋನ್ ಫೋಟೋ ಕಂಪ್ಯೂಟರಲ್ಲಿ ಓಪನ್ ಆಗ್ತಿಲ್ವಾ? ಹೀಗೆ ಮಾಡಿ

ಮದುವೆ ಮುಗಿದ ಮೇಲೆ ಅಕ್ಕನ ಮಗ ತನ್ನ ಐಫೋನಲ್ಲಿ ತೆಗೆದ ಫೋಟೋನೆಲ್ಲ ಪೆನ್‌ಡ್ರೈವಿಗೆ ಹಾಕಿ ಕೊಟ್ಟು ಬೆಂಗಳೂರು ಬಸ್ ಹತ್ತಿರ್ತಾನೆ, ಇತ್ತ ಮನೆ ಕಂಪ್ಯೂಟರಿಗೆ ಚುಚ್ಚಿ ನೋಡಿದ್ರೆ ಒಂದು ಫೋಟೋನೂ ಓಪನ್ ಆಗಲ್ಲ. ಬರೀ ಬಿಳಿ ಐಕಾನ್. ವೈರಸ್ ಬಂದಿದೆ ಅಂತಾರೆ ಒಬ್ರು, ಫೈಲ್ ಕರಪ್ಟ್ ಆಗಿದೆ ಅಂತಾರೆ ಇನ್ನೊಬ್ರು. ಹೆಚ್ಚಿನ ಸಲ ಎರಡೂ ಆಗಿರಲ್ಲ, ಫೋಟೋ ಸರಿಯಾಗೇ ಇರುತ್ತೆ, ಅದನ್ನ ಓದೋಕೆ ಬೇಕಾದ ಸಾಮಾನು ನಿಮ್ಮ ಕಂಪ್ಯೂಟರಲ್ಲಿ ಇಲ್ಲ ಅಷ್ಟೇ. ಹಾಗಾಗಿ ಡಿಲೀಟ್ ಮಾತ್ರ ಮಾಡ್ಬೇಡಿ.

ಮೊದಲು ಫೈಲ್ ಯಾವ ಜಾತಿದು ನೋಡ್ಕೊಳ್ಳಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿದ್ರೆ ಟೈಪ್ ಆಫ್ ಫೈಲ್ ಅಂತ ಬರುತ್ತೆ, ಅಲ್ಲಿ ಎಚ್‌ಇಐಸಿ ಅಂತಿದ್ರೆ ಈ ಲೇಖನ ನಿಮಗೇನೇ. 2017ರಲ್ಲಿ ಐಒಎಸ್ 11 ಬಂದಾಗಿಂದ ಐಫೋನ್ 7 ಮತ್ತು ಆಮೇಲಿನ ಫೋನುಗಳು ಮಾಮೂಲಿ ಜೆಪಿಜಿ ಬಿಟ್ಟು ಈ ಫಾರ್ಮ್ಯಾಟಲ್ಲೇ ಫೋಟೋ ಸೇವ್ ಮಾಡ್ತವೆ. ಕಾರಣ ಜಾಗ, ಅದೇ ಕ್ವಾಲಿಟಿಗೆ ಜೆಪಿಜಿಯ ಹೆಚ್ಚುಕಮ್ಮಿ ಅರ್ಧದಷ್ಟು ಸಾಕು. ಆದ್ರೆ ಒಳಗೆ ಕೆಲಸ ಮಾಡೋದು ಎಚ್‌ಇವಿಸಿ ಅನ್ನೋ ವಿಡಿಯೋ ಕಂಪ್ರೆಶನ್ (ಫೈಲ್ ಚಿಕ್ಕದು ಮಾಡೋ ವಿಧಾನ), ಅದರ ಮೇಲೆ ಸುಮಾರು ಕಂಪನಿಗಳ ಪೇಟೆಂಟ್ ಇದೆ, ಅದಕ್ಕೇ ವಿಂಡೋಸಲ್ಲಿ ಎಲ್ರಿಗೂ ಫ್ರೀಯಾಗಿ ಸಿಗಲ್ಲ.

ವಿಂಡೋಸ್ 10 ಅಥವಾ 11 ಇದ್ರೆ ಮೈಕ್ರೋಸಾಫ್ಟ್ ಸ್ಟೋರ್ ತೆಗೆದು ಎಚ್‌ಇಐಸಿ ಫೋಟೋ ಓದೋಕೆ ಬೇಕಾದ ಹೀಫ್ (HEIF) ಇಮೇಜ್ ಎಕ್ಸ್‌ಟೆನ್ಷನ್ ಹಾಕ್ಕೊಳ್ಳಿ, ಇದು ಫ್ರೀ. ಇದೊಂದೇ ಹಾಕಿದ್ರೆ ಸುಮಾರು ಜನಕ್ಕೆ ಕೆಲಸ ಆಗಲ್ಲ, ಜೊತೆಗೆ ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಷನ್ ಕೂಡ ಬೇಕು, ಅದಕ್ಕೆ ಸ್ವಲ್ಪ ದುಡ್ಡು ಕೇಳ್ತಾರೆ, ಕೆಲವು ಲ್ಯಾಪ್‌ಟಾಪಲ್ಲಿ ಕಂಪನಿಯವರೇ ಹಾಕಿ ಕೊಟ್ಟಿರ್ತಾರೆ. ದುಡ್ಡು ಕೊಡೋಕೆ ಇಷ್ಟ ಇಲ್ಲ, ಇಲ್ಲಾ ಇನ್ನೂ ವಿಂಡೋಸ್ 7ರಲ್ಲೇ ಇದ್ದೀರಿ ಅಂದ್ರೆ ಜಿಂಪ್ 2.10 ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಫೋಟೋ ಓಪನ್ ಮಾಡಿ, ಫೈಲ್ ಮೆನುವಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಒತ್ತಿ ಜೆಪಿಜಿ ಮಾಡ್ಕೋಬಹುದು. ಒಂದೆರಡು ಫೋಟೋಗೆ ಸರಿ, ಐನೂರು ಫೋಟೋಗೆ ತಲೆನೋವು.

ಸುಮ್ನೆ ರಿನೇಮ್ ಮಾಡಿ ಕೊನೇಲಿ ಜೆಪಿಜಿ ಅಂತ ಬರೆದ್ರೆ ಸಾಲ್ದಾ ಅಂತ ಕೇಳೋರಿದ್ದಾರೆ. ಉಪ್ಪಿನ ಡಬ್ಬಕ್ಕೆ ಸಕ್ಕರೆ ಅಂತ ಚೀಟಿ ಅಂಟಿಸಿದ ಹಾಗೆ ಅದು, ಅರ್ಜಿ ತುಂಬುವಾಗ ಇಂಥ ಫೋಟೋ ಅಪ್‌ಲೋಡ್ ಮಾಡಿ ರಿಜೆಕ್ಟ್ ಆದ್ರೆ ಸರ್ವರ್‌ನ ಬೈಬೇಡಿ. ಇನ್ನು ಆನ್‌ಲೈನಲ್ಲಿ ಕನ್ವರ್ಟ್ ಮಾಡಿಕೊಡೋ ಸೈಟುಗಳು ಬೇಕಾದಷ್ಟಿವೆ, ಹೂವು ಗಿಡದ ಫೋಟೋ ಆದ್ರೆ ಹಾಕಿ, ಮನೆ ಮಕ್ಕಳ ಫೋಟೋ, ಆಧಾರ್ ಫೋಟೋ ಎಲ್ಲ ಗೊತ್ತಿಲ್ಲದವರ ಸರ್ವರಿಗೆ ಯಾಕೆ ಕಳಿಸ್ತೀರಿ.

ನನ್ನ ಕೇಳಿದ್ರೆ ಫೋನಲ್ಲೇ ಸರಿ ಮಾಡೋದು ವಾಸಿ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಹೋಗಿ ಹೈ ಎಫಿಶಿಯೆನ್ಸಿ ತೆಗೆದು ಮೋಸ್ಟ್ ಕಂಪ್ಯಾಟಿಬಲ್ ಇಡಿ, ಮುಂದೆ ತೆಗೆಯೋ ಫೋಟೋ ಎಲ್ಲ ಜೆಪಿಜಿ ಆಗುತ್ತೆ (ಹಳೇದು ಬದಲಾಗಲ್ಲ). ಜಾಗ ಜಾಸ್ತಿ ತಿನ್ನುತ್ತೆ, ಸೆಕೆಂಡಿಗೆ 60 ಫ್ರೇಮಿನ 4ಕೆ ವಿಡಿಯೋ ಸಿಗಲ್ಲ, ಆದ್ರೆ ಮನೇಲಿ ಹಳೇ ಕಂಪ್ಯೂಟರ್ ಇದ್ದು ಪ್ರಿಂಟಿಗೆ ಊರಿನ ಸ್ಟುಡಿಯೋಗೇ ಕೊಡೋದಾದ್ರೆ ಇದೇ ನೆಮ್ಮದಿ. ಸ್ಯಾಮ್‌ಸಂಗ್ ಫೋನಲ್ಲೂ ಕ್ಯಾಮೆರಾ ಸೆಟ್ಟಿಂಗಲ್ಲಿ ಹೈ ಎಫಿಶಿಯೆನ್ಸಿ ಪಿಕ್ಚರ್ಸ್ ಅಂತ ಇರುತ್ತೆ, ಆನ್ ಆಗಿದ್ರೆ ಆಫ್ ಮಾಡಿ.

ಕೇಬಲ್ ಹಾಕಿ ಐಫೋನಿಂದ ಕಾಪಿ ಮಾಡೋರಿಗೆ ಇನ್ನೊಂದು ಕಾಟ ಇದೆ, ಅರ್ಧಕ್ಕೆ ನಿಂತು ‘ಎ ಡಿವೈಸ್ ಅಟ್ಯಾಚ್ಡ್ ಟು ದ ಸಿಸ್ಟಮ್ ಈಸ್ ನಾಟ್ ಫಂಕ್ಷನಿಂಗ್’ ಅಂತ ಬರುತ್ತೆ, ಜನ ಹೋಗಿ ಹೊಸ ಕೇಬಲ್ ತರ್ತಾರೆ. ಹೊಸ ಕೇಬಲ್ ತರೋ ಮೊದಲು ಐಫೋನಿನ ಫೋಟೋಸ್ ಸೆಟ್ಟಿಂಗಲ್ಲಿ ಕೆಳಗೆ ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ ನೋಡಿ. ಅಲ್ಲಿ ಆಟೊಮ್ಯಾಟಿಕ್ ಇದ್ರೆ ಫೋನು ಕಾಪಿ ಮಾಡ್ತಾ ಮಾಡ್ತಾನೇ ಜೆಪಿಜಿಗೆ ಬದಲಾಯಿಸ್ತಿರುತ್ತೆ, ಮಧ್ಯ ಎಡವುತ್ತೆ. ಕೀಪ್ ಒರಿಜಿನಲ್ಸ್ ಮಾಡಿ ಮತ್ತೆ ಕಾಪಿ ಮಾಡಿ, ಎಚ್‌ಇಐಸಿ ಆಗೇ ಬರುತ್ತೆ ಆದ್ರೆ ಪೂರ್ತಿ ಬರುತ್ತೆ.

ವಿಡಿಯೋಲಿ ಸೌಂಡ್ ಮಾತ್ರ ಬಂದು ಚಿತ್ರ ಕಪ್ಪಾಗಿದ್ರೆ ಅದಕ್ಕೂ ಕಾರಣ ಎಚ್‌ಇವಿಸಿನೇ ಇರಬಹುದು, ವಿಎಲ್‌ಸಿ ಪ್ಲೇಯರ್ ಹಾಕ್ಕೊಳ್ಳಿ, ಫ್ರೀ.

ಪೆನ್‌ಡ್ರೈವಿಗೆ ಮುಹೂರ್ತದ ಉದ್ದ ವಿಡಿಯೋ ಹೋಗ್ತಿಲ್ಲ, 64 ಜಿಬಿಲಿ ಅರ್ಧ ಖಾಲಿ ಇದ್ರೂ ಫೈಲ್ ದೊಡ್ಡದಾಯ್ತು ಅಂತ ಹೇಳ್ತಿದೆ ಅಂದ್ರೆ ಡ್ರೈವ್ ಫ್ಯಾಟ್32 (FAT32) ಅನ್ನೋ ಹಳೇ ಪದ್ಧತೀಲಿ ಫಾರ್ಮ್ಯಾಟ್ ಆಗಿದೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟಂಗಿಲ್ಲ. ಒಳಗಿರೋದನ್ನೆಲ್ಲ ಬೇರೆ ಕಡೆ ಕಾಪಿ ಇಟ್ಕೊಂಡು, ಡ್ರೈವ್ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್, ಎಕ್ಸ್‌ಫ್ಯಾಟ್ ಆರಿಸಿ. ಫಾರ್ಮ್ಯಾಟ್ ಮಾಡಿದ್ರೆ ಇದ್ದಿದ್ದೆಲ್ಲ ಹೋಗುತ್ತೆ, ಕಾಪಿ ಮಾಡ್ಕೊಂಡಿದ್ದೀರಾ ಅಂತ ಇನ್ನೊಂದ್ ಸಲ ನೋಡಿ. ಹಳೇ ಟಿವಿ, ಕಾರ್ ಸ್ಟೀರಿಯೋ ಕೆಲವು ಎಕ್ಸ್‌ಫ್ಯಾಟ್ ಓದಲ್ಲ, ಹಾಡು ಕೇಳೋ ಪೆನ್‌ಡ್ರೈವನ್ನ ಹಾಗೇ ಬಿಟ್ಬಿಡಿ.