ಬಾಯಿಗೆ ಕೂರುವ ಪುಸ್ತಕ

ಮಗಳಿಗೆ ಮೂರು ತುಂಬಿದ ಹೊಸತರಲ್ಲಿ ನಾನು ಪುಸ್ತಕ ಆರಿಸುತ್ತಿದ್ದದ್ದು ಹಿಂಬದಿಯ ಹೊದಿಕೆ ನೋಡಿ. ‘3ರಿಂದ 5 ವರ್ಷದವರಿಗೆ’ ಎಂದು ಅಚ್ಚಾಗಿರಬೇಕು, ಒಂದು ಬುದ್ಧಿಮಾತೂ ಇರಬೇಕು. ಹಾಗೆ ತಂದ ಹನ್ನೆರಡರಲ್ಲಿ ಅವಳು ಮತ್ತೆ ಕೇಳಿದ್ದು ಒಂದನ್ನೇ, ಹಲ್ಲುಜ್ಜದ ಮೊಸಳೆಯ ಕಥೆಯನ್ನು. ಮೊಸಳೆ ಬುದ್ಧಿ ಕಲಿತು ಹಲ್ಲುಜ್ಜುವ ಪುಟ ಬರುವ ಮೊದಲೇ ಪುಸ್ತಕ ಮುಚ್ಚಿಬಿಡುತ್ತಿದ್ದಳು.

ಅಲ್ಲಿಂದ ನನ್ನ ಪರೀಕ್ಷೆ ಬದಲಾಯಿತು. ಕೊಳ್ಳುವ ಮೊದಲು ನಡುವಿನ ಎರಡು ಪುಟಗಳನ್ನು ಸಣ್ಣ ದನಿಯಲ್ಲಿ ಓದುತ್ತೇನೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ, ನೋಡಲಿ. ನಾಲಿಗೆ ತೊಡರಿದರೆ, ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿದರೆ ಪುಸ್ತಕ ಇದ್ದಲ್ಲಿಗೇ ಮರಳುತ್ತದೆ. ಮಕ್ಕಳು ಒಂದೇ ಕಥೆಯನ್ನು ಇಪ್ಪತ್ತು ರಾತ್ರಿ ಓದಿಸುತ್ತಾರೆ. ಬೇರೆ ಬೇರೆ ಕಥೆ ಕೇಳುವುದಕ್ಕಿಂತ ಒಂದನ್ನೇ ಮತ್ತೆ ಮತ್ತೆ ಕೇಳಿದಾಗ ಹೊಸ ಪದಗಳು ಚೆನ್ನಾಗಿ ನಿಲ್ಲುತ್ತವೆ ಎಂಬುದು ಸಂಶೋಧಕರು ಕಂಡ ಮಾತು, ಹಾಗಾಗಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಇಪ್ಪತ್ತನೆಯ ಸಲಕ್ಕೂ ಬೇಸರ ತರಿಸದ ವಾಕ್ಯ ಬೇಕಾದದ್ದು ಅವಳಿಗಿಂತ ಹೆಚ್ಚಾಗಿ ನನಗೆ.

ಆಮೇಲೆ ಚಿತ್ರ. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆಯನ್ನು ಮಡಚಿ ಅಚ್ಚು ಹಾಕುವ ಲೆಕ್ಕದಿಂದ ಬಂದ ಸಂಖ್ಯೆ ಅದು. ಅಷ್ಟು ಚಿಕ್ಕ ಜಾಗದಲ್ಲಿ ‘ನಾಯಿ ಓಡಿತು’ ಎಂದು ಬರೆದು, ಓಡುವ ನಾಯಿಯನ್ನೇ ಬಿಡಿಸಿದರೆ ಎರಡರಲ್ಲಿ ಒಂದು ದಂಡ. ನಾಯಿ ಯಾರ ಚಪ್ಪಲಿ ಕಚ್ಚಿಕೊಂಡು ಓಡುತ್ತಿದೆ ಎಂಬುದು ಚಿತ್ರದಲ್ಲಷ್ಟೇ ಇರಬೇಕು. ಆಗ ನಾನು ಅಕ್ಷರದ ಹಿಂದೆ ಬಿದ್ದಿರುವಾಗ ಅವಳು ಚಪ್ಪಲಿ ಕಂಡುಹಿಡಿದು ನನಗೇ ಪಾಠ ಹೇಳುತ್ತಾಳೆ.

ಈಗ ಅವಳಿಗೆ ಆರು. ಅಕ್ಷರ ಕೂಡಿಸಿ ಓದುತ್ತಾಳೆ, ಆದರೆ ಕಿವಿ ಕಣ್ಣಿಗಿಂತ ಬಹಳ ಮುಂದಿದೆ. ಅವಳೇ ಓದುವುದಕ್ಕೆ ತೆಳ್ಳನೆಯದು, ನಾನು ಓದಿ ಹೇಳುವುದಕ್ಕೆ ಅಧ್ಯಾಯಗಳಿರುವ ದಪ್ಪನೆಯದು ಆರಿಸುತ್ತೇನೆ. ಯಾವುದು ಯಾರದೆಂದು ಅನುಮಾನ ಬಂದರೆ ಅವಳಿಂದ ಒಂದು ಪುಟ ಓದಿಸಿ, ತಿಳಿಯದ ಪದಕ್ಕೊಂದು ಬೆರಳು ಮಡಚಿಸುತ್ತೇನೆ. ಐದೂ ಮಡಚಿದರೆ ಪುಸ್ತಕ ಸದ್ಯಕ್ಕೆ ನನ್ನದು.

ಆಯ್ಕೆಯಲ್ಲಿ ಅರ್ಧ ಪಾಲು ಅವಳದು ಎಂಬ ಒಪ್ಪಂದವೂ ಇದೆ. ಕಳೆದ ವಾರ ಅವಳು ಆರಿಸಿದ್ದು ಜೀರುಂಡೆಗಳ ಪುಸ್ತಕ. ಕಥೆಯಿಲ್ಲ, ಒಂದು ವಾಕ್ಯವೂ ಬಾಯಿಗೆ ಕೂರುವುದಿಲ್ಲ. ನನ್ನ ಎಲ್ಲ ಪರೀಕ್ಷೆಗಳಲ್ಲೂ ಅದು ನಪಾಸು. ಇಂದು ಏಳನೆಯ ರಾತ್ರಿ. ಲೋಕದಲ್ಲಿ ಗುರುತಿಸಲಾದ ಜೀರುಂಡೆ ಪ್ರಭೇದಗಳು 3.5 ಲಕ್ಷಕ್ಕೂ ಹೆಚ್ಚು. ಪುಸ್ತಕದಲ್ಲಿರುವುದು ಅರವತ್ತೇ ಎಂಬುದು ನನ್ನ ಪುಣ್ಯ.