ಎಕೋ ವರದಿಯನ್ನು ಓದಿಕೊಳ್ಳುವ ಬಗೆ

ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ವರದಿ ಕೈಗೆ ಬಂದಾಗ ಮೇಲಿನ ಕೋಷ್ಟಕವನ್ನು ಬಿಟ್ಟು, ಕೊನೆಯಲ್ಲಿರುವ ‘ಇಂಪ್ರೆಷನ್’ ಎಂಬ ನಾಲ್ಕಾರು ಸಾಲುಗಳನ್ನು ಮೊದಲು ಓದಿ. ಆ ಅಳತೆಗಳಿಂದ ವೈದ್ಯರು ಕಂಡುಕೊಂಡದ್ದೆಲ್ಲ ಅಲ್ಲಿರುತ್ತದೆ.

ಹೆಚ್ಚಿನವರನ್ನು ಕಾಡುವುದು ‘ಇಎಫ್’ ಎಂಬುದರ ಮುಂದಿನ ಅಂಕಿ. ‘ಇಎಫ್ 60%’ ಎಂದಿದ್ದುದನ್ನು ನೋಡಿದ ನಮ್ಮ ತಂದೆಯವರು, ಹೃದಯದ ನಲವತ್ತು ಪಾಲು ಕೆಟ್ಟೇಹೋಗಿದೆ ಎಂದುಕೊಂಡು ಆ ರಾತ್ರಿ ಊಟವನ್ನೇ ಮಾಡಿರಲಿಲ್ಲ. ಅದು ನೂರಕ್ಕೆ ಬಂದ ಅಂಕವಲ್ಲ. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಎಡಗಡೆಯ ಕೆಳಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಎಂಬ ಲೆಕ್ಕ ಅದು; 120 ಮಿ.ಲೀ. ತುಂಬಿ 72 ಮಿ.ಲೀ. ಹೊರಬಿದ್ದರೆ ಶೇ 60. ಆರೋಗ್ಯವಂತರ ಹೃದಯವೂ ಪೂರ್ತಿ ಬರಿದಾಗುವುದಿಲ್ಲ. ಸುಮಾರು 55ರಿಂದ 70ರವರೆಗೆ ಸಹಜ. 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಹೃದಯದ ಪಂಪಿಂಗ್ ಸ್ಪಷ್ಟವಾಗಿ ಕುಗ್ಗಿದೆ ಎಂದರ್ಥ. ಹಿಂದಿನ ಸಲದ 60 ಈ ಸಲ 57 ಆಗಿದ್ದರೆ ಗಾಬರಿ ಬೇಡ, ಪರೀಕ್ಷೆ ಮಾಡುವವರು ಬದಲಾದರೂ ಅಷ್ಟು ಹೆಚ್ಚುಕಡಿಮೆಯಾಗುತ್ತದೆ.

‘ನೋ ಆರ್‌ಡಬ್ಲ್ಯೂಎಂಎ’ ಎಂದಿದ್ದರೆ ಹೃದಯದ ಗೋಡೆಗಳೆಲ್ಲ ಸಮನಾಗಿ ಮಿಡಿಯುತ್ತಿವೆ ಎಂದು ತಿಳಿಯಬೇಕು. ಹಾಗಲ್ಲದೆ ಯಾವುದೋ ಒಂದು ಗೋಡೆಯ ಹೆಸರು ಹೇಳಿ ‘ಹೈಪೋಕೈನೆಟಿಕ್’ ಎಂದಿದ್ದರೆ ಆ ಭಾಗದ ಚಲನೆ ಮಂದವಾಗಿದೆ. ಹಿಂದೆ ಹೃದಯಾಘಾತವಾಗಿತ್ತೇ, ರಕ್ತದ ಪೂರೈಕೆ ಕಡಿಮೆಯಾಗಿದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ.

‘ಎಂಆರ್’, ‘ಟಿಆರ್’ ಎಂದರೆ ಕವಾಟಗಳಲ್ಲಿ ರಕ್ತ ಹಿಂದಕ್ಕೆ ಸೋರುವುದು. ಇಲ್ಲಿ ಆ ಅಕ್ಷರಗಳಿಗಿಂತ ಅವುಗಳ ಹಿಂದಿರುವ ಪದವೇ ಮುಖ್ಯ. ‘ಟ್ರಿವಿಯಲ್’ ಸೋರಿಕೆ ಯಾವ ಕಾಯಿಲೆಯೂ ಇಲ್ಲದವರಲ್ಲೂ ಧಾರಾಳವಾಗಿ ಕಾಣಿಸುತ್ತದೆ, ‘ಮೈಲ್ಡ್’ ಇದ್ದಾಗಲೂ ಸಾಮಾನ್ಯವಾಗಿ ಆಗಾಗ ನೋಡಿಸಿಕೊಂಡರೆ ಸಾಕಾಗುತ್ತದೆ. ಆದರೆ ‘ಮಾಡರೇಟ್’ ಅಥವಾ ‘ಸಿವಿಯರ್’ ಎಂದಿದ್ದರೆ ಹೃದ್ರೋಗ ತಜ್ಞರನ್ನು ಕಾಣುವುದನ್ನು ಮುಂದೂಡಬಾರದು. ‘ಸ್ಟೆನೋಸಿಸ್’ ಎಂಬುದು ಕವಾಟ ಕಿರಿದಾಗಿರುವುದನ್ನು ಹೇಳುತ್ತದೆ. ಅರವತ್ತು ದಾಟಿದವರ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’, ಹೃದಯ ಸಡಿಲಗೊಳ್ಳುವ ವೇಗ ತಗ್ಗಿದೆ ಎಂಬ ಸೂಚನೆ. ವಯಸ್ಸಾದಂತೆ ಇದು ಸಾಮಾನ್ಯ, ಬಿಪಿ ಇರುವವರಲ್ಲಿ ಇನ್ನೂ ಹೆಚ್ಚು.

ಇಷ್ಟೆಲ್ಲ ತಿಳಿಸುವ ಎಕೋ, ರಕ್ತನಾಳದಲ್ಲಿ ಬ್ಲಾಕ್ ಇದೆಯೇ ಎಂಬುದನ್ನು ನೇರವಾಗಿ ತೋರಿಸುವುದಿಲ್ಲ. ವಿಶ್ರಾಂತಿಯಲ್ಲಿ ಮಲಗಿಸಿ ತೆಗೆದ ವರದಿ ‘ನಾರ್ಮಲ್’ ಎಂದಿದ್ದರೂ ಮೆಟ್ಟಿಲು ಹತ್ತುವಾಗ ಎದೆ ಬಿಗಿದಂತಾಗುವುದಾದರೆ ಅದನ್ನು ವೈದ್ಯರಿಗೆ ತಿಳಿಸಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತ ಮಾಡುವ ಇಸಿಜಿ) ಅಥವಾ ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಬೇಕೇ ಎಂದು ಕೇಳಿ. ವಿಶ್ರಾಂತಿಯಲ್ಲಿದ್ದಾಗಲೂ ಆ ನೋವು ಬಂದು ಕಡಿಮೆಯಾಗದಿದ್ದರೆ ವರದಿಯನ್ನು ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ.