ಬೆಂಗಳೂರಲ್ಲಿ ಕೂತ್ಕೊಂಡೇ ಚರ್ಚಿಲ್ ಮಿಲಿಟರಿ ಕಥೆ ಚೆಕ್ ಮಾಡೋದು ಹೆಂಗೆ

ಮುಂದೆ ಬ್ರಿಟನ್ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಇಟ್ಟು ಹೋದ ಅನ್ನೋ ಕಥೆ ರೆಸಿಡೆನ್ಸಿ ರೋಡ್ ಕಡೆ ಓಡಾಡೋರಿಗೆಲ್ಲ ಗೊತ್ತು. ಅದು ನಿಜಾನೇ, ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದಲ್ಲಿ ವಸೂಲಾಗದ ಬಾಕಿ ಅಂತ ಇದೆ. ಆದ್ರೆ ಅದರ ಹಿಂದೆನೇ ವಾಟ್ಸಾಪಲ್ಲಿ ಬರೋ ವೀರಗಾಥೆಗಳು ಇದಾವಲ್ಲ, ಅವನ್ನ ಮಕ್ಕಳ ಪ್ರಾಜೆಕ್ಟಿಗೋ ಹೆರಿಟೇಜ್ ವಾಕಿಗೋ ಹಾಕೋ ಮುಂಚೆ ಸ್ವಲ್ಪ ಕೆಲ್ಸ ಇದೆ.

ಮೊದ್ಲು ಒಂದು ಹಾಳೇಲಿ ಎರಡು ಕಾಲಂ ಎಳ್ಕೊಳ್ಳಿ, ಒಂದು ಕಡೆ ಪೋಸ್ಟಿಂಗ್, ಇನ್ನೊಂದು ಕಡೆ ಯುದ್ಧ. ಬೆಂಗಳೂರು ಬರೋದು ಪೋಸ್ಟಿಂಗ್ ಕಾಲಂಗೆ ಮಾತ್ರ. 1896ರ ಅಕ್ಟೋಬರಲ್ಲಿ 4ನೇ ಹುಸಾರ್ಸ್ ಕುದುರೆ ಪಡೆ ಜೊತೆ ಕಂಟೋನ್ಮೆಂಟಿಗೆ ಬಂದಾಗ ಇನ್ನೂ 21 ವರ್ಷ, ಬೆಳಗ್ಗೆ ಪರೇಡು, ಮಧ್ಯಾಹ್ನ ಪುಸ್ತಕ, ಸಂಜೆ ಪೋಲೋ, ಬಂಗಲೆ ತುಂಬ ಗುಲಾಬಿ ಗಿಡ, ಮೇಲೆ ಚಿಟ್ಟೆ ಹಿಡಿಯೋ ಹುಚ್ಚು ಬೇರೆ. ಯುದ್ಧ ಬೇಕು ಅನ್ಸಿದಾಗ ಇಲ್ಲಿಂದ ರಜೆ ಹಾಕಿ ಹುಡ್ಕೊಂಡು ಹೋದ: 1897ರಲ್ಲಿ ವಾಯವ್ಯ ಗಡಿಯ ಮಲಕಂಡ್, 1898ರ ಸೆಪ್ಟೆಂಬರ್ 2ಕ್ಕೆ ಸುಡಾನಿನ ಓಮ್ಡುರ್ಮಾನ್.

ಆಮೇಲೆ ಪ್ರತಿ ಕಥೆಗೂ ಯಾರು ಬರೆದಿದ್ದು, ಯಾರಿಗೆ ಬರೆದಿದ್ದು ಅಂತ ಕೇಳಿ. ಇದೇ ಮುಖ್ಯ, ಯಾಕಂದ್ರೆ ಈ ಮನುಷ್ಯ ಕಾದಾಡ್ತಾನೇ ಲಂಡನ್ನಿನ ಡೈಲಿ ಟೆಲಿಗ್ರಾಫಿಗೆ ರಿಪೋರ್ಟ್ ಬರೀತಿದ್ದ, ಒಂದು ಕಾಲಂಗೆ 5 ಪೌಂಡ್, ಆ ವ್ಯವಹಾರ ಮಾಡ್ಕೊಟ್ಟಿದ್ದು ಅವರಮ್ಮ. ಮಲಕಂಡಲ್ಲಿ ಬೇರೆಯೋರೆಲ್ಲ ಮರೆಯಲ್ಲಿ ಮಲಗಿದ್ದಾಗ ತಾನು ಬೂದು ಬಣ್ಣದ ತಟ್ಟು ಕುದುರೆ ಹತ್ಕೊಂಡು ಸಾಲುದ್ದಕ್ಕೂ ಓಡಾಡಿದೆ, ನೋಡೋ ಜನ ಇದ್ರೆ ಯಾವ ಸಾಹಸ ಬೇಕಾದ್ರೂ ಮಾಡ್ತೀನಿ ಅಂತ ಅಮ್ಮನಿಗೆ ಬರೆದ ಕಾಗದದಲ್ಲಿ ಅವನೇ ಒಪ್ಕೊಂಡಿದಾನೆ. ಧೈರ್ಯ ಇರಲಿಲ್ಲ ಅಂತಲ್ಲ, ಪಾರ್ಲಿಮೆಂಟ್ ಸೀಟಿನ ಮೇಲೂ ಒಂದು ಕಣ್ಣಿತ್ತು ಅಷ್ಟೇ. ಅದೇ ಕಾದಾಟದಲ್ಲಿ ಜೊತೆಗಿದ್ದ 35ನೇ ಸಿಖ್ ಪಡೆಯ ಸಿಪಾಯಿಗಳು, ಬ್ರಿಟಿಷ್ ಪಡೆ ಸುಟ್ಟು ಹಾಕಿದ ಮಾಮುಂಡ್ ಬುಡಕಟ್ಟಿನ ಹಳ್ಳಿಗಳು ಫಾರ್ವರ್ಡಲ್ಲಿ ಬರೋದೇ ಇಲ್ಲ, ನೀವಾದ್ರೂ ಸೇರ್ಸಿ.

ಸಣ್ಣ ವಿವರಗಳು ಒಂದಕ್ಕೊಂದು ತಾಳೆ ಆಗ್ತಾವಾ ಅಂತಾನೂ ನೋಡಿ. ಓಮ್ಡುರ್ಮಾನಲ್ಲಿ ಕತ್ತಿ ಬಿಟ್ಟು ಪಿಸ್ತೂಲು ಹಿಡಿದಿದ್ದು ಸ್ಟೈಲಿಗಲ್ಲ, ಭಾರತಕ್ಕೆ ಬಂದಿಳಿಯುವಾಗ ಮುಂಬೈ ಹಡಗುಕಟ್ಟೇಲಿ ಭುಜದ ಕೀಲು ತಪ್ಪಿತ್ತು, ಅದು ಕೊನೇವರೆಗೂ ಕಾಡ್ತು.

ಜನ ಜಾಸ್ತಿ ಎಡವೋ ಜಾಗ ಬೋಯರ್ ಯುದ್ಧ, ಅಂದ್ರೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರ್‌ಗಳಿಗೂ ಆದ ಯುದ್ಧ. 1899ರ ನವೆಂಬರ್ 15ಕ್ಕೆ ರೈಲಲ್ಲಿ ಸಿಕ್ಕಿಬಿದ್ದಾಗ ಚರ್ಚಿಲ್ ಸೈನಿಕ ಅಲ್ಲ, ಕೆಲ್ಸ ಬಿಟ್ಟು ಪತ್ರಕರ್ತನಾಗಿ ಹೋಗಿದ್ದ. ಪ್ರಿಟೋರಿಯಾ ಜೈಲಿಂದ ತಪ್ಪಿಸ್ಕೊಂಡ ಮೇಲೆ ಮತ್ತೆ ಸೈನ್ಯ ಸೇರಿದ್ದು. ಅಂದಹಾಗೆ 1900ರ ಜನವರಿಯ ಸ್ಪಿಯೋನ್ ಕಾಪ್ ಕದನದಲ್ಲಿ ಗಾಯಾಳುಗಳನ್ನ ಹೊರ್ತಿದ್ದ ಭಾರತೀಯರ ಆಂಬುಲೆನ್ಸ್ ತಂಡದಲ್ಲಿ ಗಾಂಧೀಜಿ ಇದ್ರು, ಚರ್ಚಿಲ್ ಕೂಡ ಅಲ್ಲೇ ಇದ್ದ. ಇಬ್ರೂ ಭೇಟಿಯಾದ್ರು ಅಂತ ಯಾರಾದ್ರೂ ಡೈಲಾಗ್ ಸಮೇತ ಹೇಳಿದ್ರೆ ದಾಖಲೆ ಕೇಳಿ.

ದಾಖಲೆ ಹುಡುಕೋಕೆ ವಿಮಾನ ಹತ್ತೋದು ಬೇಡ. ಅಧಿಕಾರಿಗಳ ನೇಮಕ, ಬಡ್ತಿ ಎಲ್ಲ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟಲ್ಲಿ ಅಚ್ಚಾಗ್ತಿತ್ತು, ಅದು ಆನ್‌ಲೈನಲ್ಲಿದೆ. ಹಳೇ ಬೆಂಗಳೂರಿನ ಪುಸ್ತಕಗಳಿಗೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಲೈಬ್ರರಿಗೆ ಹೋಗಿ. ಮೊದಲ ಮಹಾಯುದ್ಧದ್ದು ಬೇಕಂದ್ರೆ, ಟರ್ಕಿಯ ಗ್ಯಾಲಿಪೊಲಿ ಮೇಲಿನ ದಾಳಿ ಸೋಲಾಗಿ ಮಂತ್ರಿಗಿರಿ ಹೋದ್ಮೇಲೆ 1916ರಲ್ಲಿ ಬೆಲ್ಜಿಯಂನ ಪ್ಲೋಗ್‌ಸ್ಟೀರ್ಟ್ ಹತ್ರ ಒಂದು ಬೆಟಾಲಿಯನ್ ನಡೆಸಿದ್ದ, ಬ್ರಿಟನ್ ನ್ಯಾಷನಲ್ ಆರ್ಕೈವ್ಸಲ್ಲಿ ಅಂಥ ಪಡೆಗಳ ದಿನಚರಿ ಇದಾವೆ. ಅಲ್ಲಿ ಚರ್ಚಿಲ್ ಅಂತ ಹುಡುಕಬೇಡಿ, ದಿನಚರಿ ಪಡೆಯ ಹೆಸರಲ್ಲಿ ಇರುತ್ತೆ, 6ನೇ ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್ ಅಂತ ಹಾಕಿ. ಓದೋಕೆ ಬೋರು, ಹೊಗಳಿಕೆ ಮಾತ್ರ ಇರಲ್ಲ.